ರಾಯಚೂರು ಕೋಟೆ: ನಡೆದು ಓದುವ ಪಾಠ

ಲಂಡನ್ ನಗರದ ಪೂರ್ವಕ್ಕೆ, ಥೇಮ್ಸ್ ನದಿಯ ದಂಡೆಯ ಮೇಲೆ ವಾಪಿಂಗ್ ಎಂಬ ಹಳೆಯ ಬಂದರು ಕೇರಿ ಇದೆ. ಒಂದು ಕಾಲಕ್ಕೆ ನಾವಿಕರು, ಹಮಾಲರು, ಹಡಗಿನ ಬಡಗಿಗಳು ತುಂಬಿಕೊಂಡಿದ್ದ ಕೇರಿ ಅದು. ಈಗ ಅಲ್ಲಿ ಕಾಣಸಿಗುವವರು ಪ್ರವಾಸಿಗರು. ಹತ್ತಿಪ್ಪತ್ತು ಜನರ ಗುಂಪು ಒಬ್ಬ ಮಾರ್ಗದರ್ಶಿಯ ಹಿಂದೆ ಗಲ್ಲಿಗಲ್ಲಿ ನಡೆಯುತ್ತದೆ; ಹಳೆಯ ಪಬ್ಬುಗಳ ಮುಂದೆ ನಿಂತು ಊರಿನ ಇತಿಹಾಸ ಕೇಳುತ್ತದೆ. ಬಂದರಿನ ಪಬ್ಬು ಬರೀ ಕುಡಿತದ ಅಂಗಡಿಯಾಗಿರಲಿಲ್ಲ. ದೂರದ ಸುದ್ದಿ ಬರುತ್ತಿದ್ದದ್ದು, ಕೂಲಿ ಗೊತ್ತಾಗುತ್ತಿದ್ದದ್ದು, ವ್ಯಾಪಾರ ಕುದುರುತ್ತಿದ್ದದ್ದು ಅಲ್ಲಿಯೇ. ನಮ್ಮ ಊರುಗಳ ಅಗಸೆಕಟ್ಟೆಯ ಕೆಲಸವನ್ನು ಅಲ್ಲಿ ಪಬ್ಬು ಮಾಡುತ್ತಿತ್ತು.

ಆ ಕೇರಿಯ 'ಪ್ರಾಸ್ಪೆಕ್ಟ್ ಆಫ್ ವಿಟ್‌ಬಿ' ಎಂಬ ಪಬ್ಬು 1520ರ ಸುಮಾರಿನದೆಂದು ಹೇಳಿಕೊಳ್ಳುತ್ತದೆ. ಆದರೆ ಹಳೆಯದಾಗಿ ಉಳಿದಿರುವುದು ನೆಲದ ಕಲ್ಲುಹಾಸು ಮಾತ್ರ. ಮೇಲಿನದೆಲ್ಲ ಆಮೇಲಿನ ಕಟ್ಟಡ. ಹತ್ತಿರದಲ್ಲೇ ಕಡಲ್ಗಳ್ಳರನ್ನು ಗಲ್ಲಿಗೇರಿಸುತ್ತಿದ್ದ ಜಾಗವಿತ್ತು. 1701ರಲ್ಲಿ ಕ್ಯಾಪ್ಟನ್ ಕಿಡ್ ಎಂಬವನನ್ನು ನೇಣಿಗೆ ಹಾಕಿದ್ದು ಅಲ್ಲಿಯೇ. ಆ ಗಲ್ಲುಗಂಬ ನಿಂತಿದ್ದದ್ದು ತಮ್ಮ ಬಾಗಿಲಲ್ಲೇ ಎಂದು ಒಂದಕ್ಕಿಂತ ಹೆಚ್ಚು ಪಬ್ಬುಗಳು ಹೇಳುತ್ತವೆ. ಒಳ್ಳೆಯ ಮಾರ್ಗದರ್ಶಿ ಇದನ್ನು ಮುಚ್ಚಿಡುವುದಿಲ್ಲ. "ಇದು ದಾಖಲೆಯಲ್ಲಿದೆ, ಇದು ಬರೀ ಹೇಳಿಕೆ" ಎಂದು ಬಿಡಿಸಿ ಹೇಳುತ್ತಾನೆ. ನಡಿಗೆಯ ರುಚಿ ಇರುವುದು ಆ ಬಿಡಿಸುವಿಕೆಯಲ್ಲಿ.

1520 ಎಂದೊಡನೆ ರಾಯಚೂರಿನವರ ಕಿವಿ ನಿಮಿರಬೇಕು. ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ರಾಯಚೂರು ಯುದ್ಧ ನಡೆದದ್ದು ಅದೇ ವರ್ಷ. ಅಲ್ಲಿ ಒಂದು ಕಲ್ಲುಹಾಸನ್ನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಇಲ್ಲಿ ಇಡೀ ಕೋಟೆಯೇ ಊರ ನಡುವೆ ನಿಂತಿದೆ. ಅದರ ಬಾಗಿಲೊಳಗಿಂದಲೇ ಮಕ್ಕಳು ಆಟೋದಲ್ಲಿ ಶಾಲೆಗೆ ಹೋಗುತ್ತಾರೆ. ಪರೀಕ್ಷೆಯಲ್ಲಿ 'ರಾಯಚೂರು ಯುದ್ಧ ಯಾವಾಗ ನಡೆಯಿತು?' ಎಂಬ ಪ್ರಶ್ನೆಗೆ ಒಂದು ಅಂಕವೂ ಸಿಗುತ್ತದೆ. ಆದರೆ ಅದು ಹೇಗೆ ಗೊತ್ತಾಯಿತು ಎಂದು ಕೇಳುವವರು ಕಡಿಮೆ. ಒಂದು ಬೆಳಗಿನ ನಡಿಗೆಗೆ ಆ ಪ್ರಶ್ನೆಯೊಂದೇ ಸಾಕು.

ಬಸ್ಸಿಗಿಂತ ಉದ್ದದ ಕಲ್ಲು

ನಡಿಗೆಯನ್ನು ಕೋಟೆಯ ಪಶ್ಚಿಮದ ಒಳಗೋಡೆಯಿಂದ ಆರಂಭಿಸುವುದು ಸೂಕ್ತ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಗೋಡೆಯಲ್ಲಿ ಒಂದೇ ಕಲ್ಲು 41 ಅಡಿ 6 ಅಂಗುಲ, ಅಂದರೆ ಸುಮಾರು 12.6 ಮೀಟರ್ ಉದ್ದ ಮಲಗಿದೆ. ದೊಡ್ಡ ಬಸ್ಸಿಗಿಂತಲೂ ತುಸು ಹೆಚ್ಚು! ಅದರ ಮೇಲೆ 1294ರ ಶಾಸನವಿದೆ. ಕಾಕತೀಯ ಪ್ರತಾಪರುದ್ರನ ಕಾಲದಲ್ಲಿ ಅವನ ದಂಡನಾಯಕರು ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು, ರಾಯಚೂರಿಗೆ ಬಂದು ಈ ಕೋಟೆಯನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಮಾನುವ ಎಂದರೆ ಇಂದಿನ ಮಾನ್ವಿ ಎಂದು ತಿಳಿಯಲಾಗಿದೆ. ಮಾನ್ವಿಯಿಂದ ದಿನಾ ಬಸ್ಸಿಗೆ ಬರುವ ಕಾಲೇಜು ಹುಡುಗರು ತಮ್ಮ ಊರಿನ ಹೆಸರು ಏಳು ನೂರು ವರ್ಷಗಳಿಂದ ಇಲ್ಲಿ ಕಾದಿದೆ ಎಂಬುದನ್ನು ತಿಳಿದರೆ ಆ ಗೋಡೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಇಷ್ಟು ದೊಡ್ಡ ಕಲ್ಲನ್ನು ತಂದದ್ದಾದರೂ ಹೇಗೆ? ಉತ್ತರವನ್ನು ಶಿಲ್ಪಿಗಳೇ ಕೆತ್ತಿ ಹೋಗಿದ್ದಾರೆ. ಅಚ್ಚುಗಂಡಿ ಮಾತ್ರ ಇರುವ, ಅರೆಕಾಲುಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದನ್ನು ಎಳೆಯುವ ಕೋಣಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿ ಮೀಟುವ ಜನ. ಎಂಟನೆಯ ತರಗತಿಯ ಹುಡುಗ ಸನ್ನೆಯ ಪಾಠವನ್ನು ಕಪ್ಪುಹಲಗೆಯ ಮೇಲೆ ನೋಡಿದ್ದಾನೆ. ಇಲ್ಲಿ ಅದೇ ಪಾಠ ಕಲ್ಲಿನಲ್ಲಿದೆ.

ಕಲ್ಲಿನ ತೂಕವನ್ನೂ ಮಕ್ಕಳೇ ಲೆಕ್ಕ ಹಾಕಬಹುದು. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಉದ್ದ ಗೊತ್ತಿದೆ. ಎತ್ತರವನ್ನು ದೂರದಿಂದಲೇ ಅಂದಾಜು ಮಾಡಬಹುದು. ದಪ್ಪ ಮಾತ್ರ ಗೋಡೆಯೊಳಗೆ ಅಡಗಿದೆ. ಎತ್ತರ 1 ಮೀಟರ್, ದಪ್ಪ ಅರ್ಧ ಮೀಟರ್ ಎಂದಿಟ್ಟುಕೊಂಡರೆ ತೂಕ 17 ಟನ್. ದಪ್ಪ 1 ಮೀಟರ್ ಇದ್ದರೆ 34 ಟನ್. ಉತ್ತರ ಒಂದೇ ಅಲ್ಲ, 'ಇಷ್ಟರಿಂದ ಇಷ್ಟರೊಳಗೆ' ಎಂದು ಬರುತ್ತದೆ. ಕಾಣದ ಅಳತೆಯನ್ನು ಕಂಡಂತೆ ಹೇಳಬಾರದು ಎಂಬುದೇ ಇಲ್ಲಿಯ ಮೊದಲ ಪಾಠ.

ಎರಡು ಗೋಡೆ, ಏಳು ಬಾಗಿಲು

ಹಾಗೆಯೇ ಮುಂದೆ ನಡೆದರೆ ಕೋಟೆಗೆ ಎರಡು ಸುತ್ತು ಗೋಡೆ ಇರುವುದು ತಿಳಿಯುತ್ತದೆ. ಒಳಗೋಡೆ ಕಾಕತೀಯರ ಕಾಲದ್ದು. ಚೊಕ್ಕವಾಗಿ ಕೆತ್ತಿದ ಭಾರಿ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಿದ್ದಾರೆ. ಕಲ್ಲನ್ನು ಹಿಡಿದಿಟ್ಟಿರುವುದು ಅದರದೇ ಭಾರ ಮತ್ತು ಘರ್ಷಣೆ. ಹೊರಗೋಡೆ ಮತ್ತು ಅದರ ಸುತ್ತಲ ಕಂದಕ ನಂತರದ ಸುಲ್ತಾನರ ಕಾಲದವು. ಎರಡೂ ಗೋಡೆಗಳ ಎದುರು ಐದೈದು ನಿಮಿಷ ನಿಂತು ನೋಡಿದರೆ, ಯಾವುದು ಹಳೆಯದು ಯಾವುದು ಹೊಸದು ಎಂದು ಮಕ್ಕಳೇ ಹೇಳಬಲ್ಲರು.

ಒಳಸುತ್ತಿಗೆ ಪಶ್ಚಿಮದಲ್ಲಿ ಸೈಲಾನಿ ದರ್ವಾಜ, ಪೂರ್ವದಲ್ಲಿ ಸಿಕಂದರಿ ದರ್ವಾಜ. ಹೊರಸುತ್ತಿಗೆ ಐದು ಬಾಗಿಲು: ಪಶ್ಚಿಮಕ್ಕೆ ಮಕ್ಕಾ, ಉತ್ತರಕ್ಕೆ ನೌರಂಗಿ, ಪೂರ್ವಕ್ಕೆ ಕಾಟಿ, ದಕ್ಷಿಣಕ್ಕೆ ಖಂದಕ್, ನೈಋತ್ಯಕ್ಕೆ ದೊಡ್ಡಿ ದರ್ವಾಜ. ದಿಕ್ಸೂಚಿ ಹಿಡಿದು ಇವನ್ನು ನಕ್ಷೆಯಲ್ಲಿ ಗುರುತಿಸುವುದು ಒಳ್ಳೆಯ ಅಭ್ಯಾಸ. ನೌರಂಗಿ ದರ್ವಾಜದಲ್ಲಿ ಕೆತ್ತನೆಯ ಕಲ್ಲುಗಳು ಬಹಳ ಇವೆ. ಅಲ್ಲಿ ಮಕ್ಕಳಿಗೆ ಮೊದಲು ಏನನ್ನೂ ಹೇಳಬಾರದು. ಕಂಡದ್ದನ್ನು ಅವರೇ ಬರೆದುಕೊಳ್ಳಲಿ, ಚಿತ್ರ ತೆಗೆಯಲಿ. ಅರ್ಥ ಹೇಳುವ ಕೆಲಸ ಆಮೇಲಿನದು.

ಮುಂದಿನ ನಿಲುಗಡೆ ಏಕ್ ಮಿನಾರ್ ಕಿ ಮಸ್ಜಿದ್. ಬಹಮನಿ ಅರಸ ಮಹಮೂದ್ ಶಾಹನ ಆಳಿಕೆಯಲ್ಲಿ, ಹಿಜರಿ 919ರಲ್ಲಿ, ಅಂದರೆ 1513–14ರಲ್ಲಿ ಅಂಬರ್ ಎಂಬಾತ ಇದನ್ನು ಕಟ್ಟಿಸಿದನೆಂದು ಅಲ್ಲಿಯ ಪಾರಸಿ ಶಾಸನ ತಿಳಿಸುತ್ತದೆ. ಹೆಸರೇ ಹೇಳುವಂತೆ ಮಿನಾರ್ ಒಂದೇ. ಎತ್ತರ ಸುಮಾರು 65 ಅಡಿ. ಇದನ್ನು ಹತ್ತದೆಯೇ ಅಳೆಯಬಹುದು. 1 ಮೀಟರಿನ ಕೋಲು ನೆಟ್ಟು ಅದರ ನೆರಳನ್ನೂ ಅದೇ ಗಳಿಗೆಯಲ್ಲಿ ಮಿನಾರಿನ ನೆರಳನ್ನೂ ಅಳೆದರೆ, ಸಮರೂಪ ತ್ರಿಭುಜದ ಲೆಕ್ಕ ಉತ್ತರ ಕೊಡುತ್ತದೆ. ಪ್ರಾರ್ಥನೆಯ ಹೊತ್ತು ಬಿಟ್ಟು, ಅಲ್ಲಿಯವರ ಒಪ್ಪಿಗೆ ಪಡೆದು ಹೋಗಬೇಕು. 1520ರ ಯುದ್ಧದ ಹೊತ್ತಿಗೆ ಈ ಮಿನಾರ್ ಕಟ್ಟಿ ಆರೇಳು ವರ್ಷ ಆಗಿತ್ತು. ಆ ಕಾಲದ ಜನ ನೋಡಿದ ಕಟ್ಟಡವನ್ನೇ ಈಗಿನ ಮಕ್ಕಳೂ ನೋಡುತ್ತಿದ್ದಾರೆ.

ತಾರೀಖು ಕೊಟ್ಟ ಚಂದ್ರ

ಮಿನಾರಿನ ಕಾಲ ಶಾಸನದಲ್ಲಿದೆ. ಯುದ್ಧದ ದಿನ ಗೊತ್ತಾದದ್ದು ಹೇಗೆ? ಆ ಯುದ್ಧದ ದೀರ್ಘ ವರ್ಣನೆ ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಅವನು ವಿಜಯನಗರದಲ್ಲಿದ್ದು ಬರೆದದ್ದು 1535–37ರ ಸುಮಾರಿಗೆ, ಎಂದರೆ ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ. ಮೇ ತಿಂಗಳು, ಅಮಾವಾಸ್ಯೆ, ಶನಿವಾರ, ವರ್ಷ 1522 ಎಂಬುದು ಅವನ ಬರಹದ ಸಾರ. 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸೀವೆಲ್ ಅಷ್ಟಕ್ಕೇ ಒಪ್ಪಲಿಲ್ಲ. ಪಂಚಾಂಗದ ಲೆಕ್ಕ ಹಿಡಿದು ಕೂತ. 1522ರ ಮೇ ತಿಂಗಳ ಅಮಾವಾಸ್ಯೆ 25ರಂದು ಭಾನುವಾರ ಬೀಳುತ್ತದೆ. 1521ರಲ್ಲಿ 6ರಂದು ಸೋಮವಾರ. 1520ರಲ್ಲಿ 17ರಂದು ಗುರುವಾರ. ಗುರುವಾರ ಅಮಾವಾಸ್ಯೆಯಾದರೆ ಎಳೆಯ ಚಂದ್ರ ಕಣ್ಣಿಗೆ ಬೀಳುವುದು ಶನಿವಾರದ ಸಂಜೆ. ಇದಕ್ಕೆ ಬೇರೆ ಆಧಾರಗಳನ್ನೂ ಕೂಡಿಸಿ ಸೀವೆಲ್ 1520ರ ಮೇ 19, ಶನಿವಾರ ಎಂದು ನಿರ್ಧರಿಸಿದ. ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪಿರುವ ದಿನ ಅದೇ. ಕಣ್ಣಾರೆ ಕಂಡವರಿಂದ ಕೇಳಿ ಬರೆದವನೂ ವರ್ಷ ತಪ್ಪಬಹುದು. ಚಂದ್ರನ ಗತಿ ತಪ್ಪುವುದಿಲ್ಲ. ವಿಜ್ಞಾನದ ಪಾಠವೂ ಇತಿಹಾಸದ ಪಾಠವೂ ಕೈಹಿಡಿದು ನಡೆಯುವುದು ಹೀಗೆ.

ನೂನಿಜ್‌ನ ಇನ್ನೊಂದು ಅಂಕಿಯನ್ನೂ ಮಕ್ಕಳಿಗೆ ಕೊಡಬಹುದು. ರಾಯನ ದಂಡಿನಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ ಇದ್ದವೆಂದು ಅವನು ಬರೆದಿದ್ದಾನೆ. ಆಳಿಗೆ ದಿನಕ್ಕೆ 5 ಲೀಟರ್ ನೀರು ಎಂದರೂ ಕಾಲಾಳುಗಳಿಗೇ 35 ಲಕ್ಷ ಲೀಟರ್ ಬೇಕು. ಅಂದರೆ 10,000 ಲೀಟರಿನ ಟ್ಯಾಂಕರುಗಳು 350. ಅದೂ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ! ಕುದುರೆ, ಆನೆಗಳ ಲೆಕ್ಕ ಬೇರೆ. ಅಂಕಿ ನಿಜವೋ ಸುಳ್ಳೋ ಎಂದು ಮಗು ತೀರ್ಪು ಕೊಡಬೇಕಿಲ್ಲ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ಸೀಮೆಗಾಗಿ ಅರಸರು ಅಷ್ಟು ಸಲ ಕಾದಾಡಿದ್ದೇಕೆ ಎಂಬುದು ಆ ಲೆಕ್ಕದಿಂದ ಹೊಳೆದರೆ ಸಾಕು.

ಯುದ್ಧ ಗೆದ್ದ ಮೇಲೂ ಕೋಟೆ ಕೈಗೆ ಬಂದಿರಲಿಲ್ಲ. ಕ್ರಿಸ್ತೋವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನ ಜೊತೆಗಿದ್ದ ಬಂದೂಕುಗಾರರು ಗೋಡೆಯ ಮೇಲಿನ ಕಾವಲುಗಾರರನ್ನು ತಡೆದರು. ರಾಯನ ಆಳುಗಳು ಕೆಳಗಿನಿಂದ ಕಲ್ಲು ಕಿತ್ತರು. ಗೋಡೆಯಿಂದ ಇಣುಕಿದ ಕೋಟೆಯ ಅಧಿಕಾರಿಯ ಹಣೆಗೆ ಗುಂಡು ತಾಗಿತು. ಆಮೇಲೆ ಊರು ಶರಣಾಯಿತು. ಇದೂ ನೂನಿಜ್‌ ಹೇಳಿದ್ದೇ. ಕಂದಕದ ಆಚೆ ನಿಂತು ಗೋಡೆಯ ಎತ್ತರ ನೋಡಿದವರಿಗೆ ಈ ವರ್ಣನೆ ಕಣ್ಣಿಗೆ ಕಟ್ಟುತ್ತದೆ.

ಮಾನ್ವಿ, ದೇವದುರ್ಗಕ್ಕೂ ನಡಿಗೆ

ರಾಯಚೂರಿನಲ್ಲಿ ಕಲಿತ ಈ ಕ್ರಮ ತಾಲ್ಲೂಕಿನ ಊರುಗಳಲ್ಲೂ ನಡೆಯುತ್ತದೆ. ಮಾನ್ವಿಯಲ್ಲಿ ಹಳೆಯ ಕೋಟೆಯ ಅವಶೇಷಗಳಿವೆ. 'ಹರಿಕಥಾಮೃತಸಾರ' ರಚಿಸಿದ ಜಗನ್ನಾಥದಾಸರು (1728–1809) ಹುಟ್ಟಿದ್ದು ಬ್ಯಾಗವಾಟದಲ್ಲಿ, ಬಾಳಿದ್ದು ಮಾನ್ವಿಯಲ್ಲಿ. ಅವರ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆ ಎಂಬುದು ಭಕ್ತರ ನಂಬಿಕೆ. ಕೃತಿ ದಾಖಲೆ, ಕಂಬ ಕಾಣುವ ವಸ್ತು, ಸನ್ನಿಧಾನ ನಂಬಿಕೆ. ಮೂರನ್ನೂ ಗೌರವದಿಂದ ಹೇಳಬಹುದು. ಮೂರನ್ನೂ ಕಲಸದೆ ಹೇಳಬೇಕು.

ದೇವದುರ್ಗ ಬೇಡರ ನಾಯಕರ ನೆಲೆಯಾಗಿದ್ದ ಊರು. ಆ ತಾಲ್ಲೂಕಿನ ಗಬ್ಬೂರಿನಲ್ಲಿ ಮಳೆ ಶಂಕರ, ವೆಂಕಟೇಶ್ವರ, ಈಶ್ವರ, ಹನುಮಂತ ಹೀಗೆ ಗುಡಿಗಳ ಸಾಲೇ ಇದೆ, ಶಾಸನಗಳೂ ಇವೆ. ಹಿಂದೊಮ್ಮೆ ಅದು ವಿದ್ಯಾಕೇಂದ್ರವಾಗಿ ಹೆಸರಾಗಿತ್ತು. ಇವೆಲ್ಲ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮರಳಬಹುದಾದ ಊರುಗಳು.

ಮಾರ್ಗದರ್ಶಿ ಯಾರು?

ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಪಾರಂಪರಿಕ ನಡಿಗೆಗಳು ನಡೆದಿವೆ. ಬೆಂಗಳೂರಿನಲ್ಲೂ ಇಂಥ ನಡಿಗೆಗಳಿಗೆ ಜನ ಸೇರುತ್ತಾರೆ. ರಾಯಚೂರಿನ ಮಕ್ಕಳು ಮಾರ್ಗದರ್ಶಿ ಬರಲಿ ಎಂದು ಕಾಯಬೇಕಾಗಿಲ್ಲ. ಒಂಬತ್ತನೆಯ ತರಗತಿಯ ಹುಡುಗಿ ಒಂದು ಬಾಗಿಲನ್ನು ಚೆನ್ನಾಗಿ ಓದಿಕೊಂಡರೆ ಆ ಬಾಗಿಲಿಗೆ ಅವಳೇ ಮಾರ್ಗದರ್ಶಿ. ಏಳು ಬಾಗಿಲಿಗೆ ಏಳು ಮಕ್ಕಳು ಸಾಕು. ನೋಟುಬುಕ್ಕಿನ ಪುಟದಲ್ಲಿ ಮೂರು ಕಲಂ ಹಾಕಿಕೊಳ್ಳಲಿ: 'ಕಂಡದ್ದು', 'ಬರೆದಿರುವುದು', 'ಕೇಳಿದ್ದು'. ಅಜ್ಜ ಹೇಳಿದ ಸುರಂಗದ ಕತೆ, ನಿಧಿಯ ಕತೆ ಮೂರನೆಯ ಕಲಂಗೆ ಹೋಗಲಿ. ಅವನ್ನು ಕೈಬಿಡುವುದು ಬೇಡ. ಮೊದಲನೆಯ ಕಲಂಗೆ ಜಾರದಂತೆ ನೋಡಿಕೊಂಡರಾಯಿತು.

ಇದು ಬರೀ ಹವ್ಯಾಸದ ಮಾತಲ್ಲ. ಕೋಟೆಯೊಳಗೆ ಜನ ಬಾಳುತ್ತಿದ್ದಾರೆ. ಗೋಡೆಗೆ ಒತ್ತಿಕೊಂಡು ಮನೆಗಳಿವೆ. ಯಾವ ಕಲ್ಲು ಏನು ಹೇಳುತ್ತದೆ ಎಂದು ಊರಿಗೆ ಗೊತ್ತಿಲ್ಲದಿದ್ದರೆ ಶಾಸನದ ಮೇಲೆ ಸುಣ್ಣ ಬೀಳುತ್ತದೆ, ಕೆತ್ತನೆಯ ಮೇಲೆ ಯಾರದೋ ಹೆಸರು ಗೀಚಲ್ಪಡುತ್ತದೆ, ಬಿದ್ದ ಕಲ್ಲು ಮೆಟ್ಟಿಲಾಗುತ್ತದೆ. ಗೊತ್ತಿದ್ದವರು ಹಾಗೆ ಮಾಡಲಾರರು. 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದೂ ಒಂದು. ಕಾಕತೀಯರ ಕಲ್ಲು, ಬಹಮನಿ ಮಿನಾರ್, ವಿಜಯನಗರದ ಗೆಲುವು, ಬಿಜಾಪುರದ ಗೋಡೆ ಒಂದೇ ಊರಿನಲ್ಲಿರುವಾಗ ಆ ಮಾತಿಗೆ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಪಾಲಕರಿಗೆ ಒಂದೆರಡು ಸೂಚನೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಭಾನುವಾರಗಳು ಅನುಕೂಲ. ಬೆಳಗಿನ ಏಳಕ್ಕೆ ಹೊರಟರೆ ಇಳಿಬಿಸಿಲಿನಲ್ಲಿ ಅಕ್ಷರಗಳ ನೆರಳು ಸ್ಪಷ್ಟವಾಗಿ ಬೀಳುತ್ತದೆ. ಅಳತೆಯ ಟೇಪು, ದಿಕ್ಸೂಚಿ, ನೀರಿನ ಬಾಟಲಿ, ಟೊಪ್ಪಿಗೆ ಇರಲಿ. ಅಕ್ಷರಗಳ ಮೇಲೆ ಸುಣ್ಣದಕಡ್ಡಿ ತೀಡುವುದು, ಎಣ್ಣೆ ಸವರುವುದು ಕೂಡದು. ಗೋಡೆ ಹತ್ತಬಾರದು.

ನಡಿಗೆ ಮುಗಿಯುವ ಹೊತ್ತಿಗೆ ಹಸಿವಾಗಿರುತ್ತದೆ. ವಾಪಿಂಗಿನಲ್ಲಿ ನಡಿಗೆ ಪಬ್ಬಿನಲ್ಲಿ ಮುಗಿದರೆ ಇಲ್ಲಿ ಮಂಡಾಳ ವಗ್ಗರಣಿ, ಬಿಸಿ ಮಿರ್ಚಿ, ಚಹಾದ ಅಂಗಡಿಯಲ್ಲಿ ಮುಗಿಯಲಿ. ಎದುರಿಗೆ ಕೂತ ಮಗ ಅಥವಾ ಮಗಳಿಗೆ ಅಲ್ಲಿ ಯುದ್ಧದ ಇಸವಿ ಕೇಳಬೇಡಿ. "ಅದು ನಮಗೆ ಹೇಗೆ ಗೊತ್ತು?" ಎಂದು ಕೇಳಿ. ಉತ್ತರ ಹೇಳುತ್ತ ಹೇಳುತ್ತ ಚಹಾ ಆರಿಹೋದರೆ ಆ ಭಾನುವಾರ ಸಾರ್ಥಕ.