ಮಾಲ್ಡೀವ್ಸ್ ಚರಿತ್ರೆ: ಕಥೆಯ ಜೊತೆ ಶಾಸನವನ್ನೂ ಓದಿ

ಮಾಲ್ಡೀವ್ಸ್ ಚರಿತ್ರೆಗೆ ಯಾವ ಪುಸ್ತಕ ಓದಬೇಕು ಅಂತ ಕೇಳಿದ್ರೆ, ಮೊದಲು ಇಬ್ನ್ ಬತೂತನ ಪ್ರವಾಸಕಥನ ಅಂತೇನೆ. 14ನೇ ಶತಮಾನದಲ್ಲಿ ಆತ ಅಲ್ಲಿ ಖಾಜಿಯಾಗಿದ್ದವನು. ಕುರಾನ್ ಪಠಣಕ್ಕೆ ಕಡಲ ಪಿಶಾಚಿ ಓಡಿಹೋಯಿತು, ಅದನ್ನು ಕಂಡ ಅರಸ ಇಸ್ಲಾಮಿಗೆ ಸೇರಿದ ಎಂಬ ಕಥೆ ಅದರಲ್ಲಿದೆ. ಆದರೆ ಅಲ್ಲಿಗೇ ನಿಲ್ಲಬೇಡಿ.

ಅದಕ್ಕಿಂತ ಸುಮಾರು 150 ವರ್ಷ ಹಿಂದಿನ ಇಸ್ಧೂ ತಾಮ್ರಶಾಸನವನ್ನು (ಅಲ್ಲಿನವರ ಮಾತಲ್ಲಿ ಲೋಮಾಫಾನು) ಮಣಿಕು ಮತ್ತು ವಿಜಯವರ್ಧನ 1986ರಲ್ಲಿ ಪ್ರಕಟಿಸಿದ್ದಾರೆ. ಎವೇಲಾ ಅಕುರು ಲಿಪಿಯಲ್ಲಿರುವ ಇದು ಮಸೀದಿಗೆ ಬಿಟ್ಟ ದತ್ತಿ. ಬೌದ್ಧ ಭಿಕ್ಷುಗಳನ್ನು ಮಾಲೆಗೆ ಒಯ್ದು ಕೊಂದದ್ದನ್ನೂ ಅದೇ ಹೇಳುತ್ತದೆ.

ಅಲ್ಲಿನ ಸ್ತೂಪಗಳ ಅವಶೇಷಗಳಿಗೆ ಎಚ್.ಸಿ.ಪಿ. ಬೆಲ್ ಅವರ 1940ರ ಗ್ರಂಥ ನೋಡಿ. ಪಿಶಾಚಿಯ ಕಥೆಯಲ್ಲಿ ಆ ಭಿಕ್ಷುಗಳಿಲ್ಲ. ದತ್ತಿಪತ್ರ ಓದಿದವರಿಗಷ್ಟೇ ಅವರು ಸಿಗ್ತಾರೆ.