ಕಂಪುಂಗ್: ಮಲೇಷ್ಯಾದ ಬಾಲ್ಯಸ್ಮೃತಿಗಳಲ್ಲಿ ಹಳ್ಳಿಯ ಸ್ವರೂಪ

ಹಳ್ಳಿಯ ಬಾಲ್ಯವನ್ನು ಕುರಿತ ನೆನಪುಗಳನ್ನು ಜಾನಪದ ಸಂಗ್ರಹಕಾರರು ಬಹುಕಾಲ ಪೂರಕ ಸಾಮಗ್ರಿ ಎಂದಷ್ಟೇ ಪರಿಗಣಿಸಿದ್ದರು. ಹಾಡು, ಕಥೆ, ಗಾದೆ, ಒಗಟುಗಳನ್ನು ಅರಸಿ ಹೋದವರಿಗೆ ವಕ್ತೃಗಳು ನಡುನಡುವೆ ಹೇಳುವ ಸ್ವಂತ ಬಾಲ್ಯದ ಸಂಗತಿಗಳು ವಿಷಯಾಂತರವಾಗಿ ತೋರುತ್ತಿದ್ದುದು ಸಹಜ. ಸ್ವೀಡನ್ನಿನ ವಿದ್ವಾಂಸ ಕಾರ್ಲ್ ವಿಲ್ಹೆಲ್ಮ್ ವಾನ್ ಸೀಡೋ 1934ರಲ್ಲಿ ವೈಯಕ್ತಿಕ ಅನುಭವದ ಕಥನಕ್ಕೆ ‘ಮೆಮೊರಾಟ್’ ಎಂಬ ಹೆಸರನ್ನಿತ್ತು ಅದನ್ನು ಪ್ರತ್ಯೇಕ ಪ್ರಕಾರವಾಗಿ ಗುರುತಿಸಿದ ಮೇಲೆ ಈ ಧೋರಣೆ ಕ್ರಮೇಣ ಬದಲಾಯಿತು. ಒಂದೆರಡು ತಲೆಮಾರುಗಳ ಅವಧಿಯಲ್ಲಿಯೇ ಹಳ್ಳಿಯ ಬದುಕು ಹಿನ್ನೆಲೆಗೆ ಸರಿದ ದೇಶಗಳಲ್ಲಂತೂ ಇಂತಹ ನೆನಪುಗಳೇ ಮುಖ್ಯ ಆಕರಗಳಾಗಿ ಪರಿಣಮಿಸಿವೆ. ಆಗ್ನೇಯ ಏಷ್ಯಾದ ಮಲೇಷ್ಯಾ ಅಂತಹ ಒಂದು ದೇಶ. 1970ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆಯ ಸುಮಾರು ಶೇ. 28ರಷ್ಟು ಮಂದಿ ಮಾತ್ರ ಪಟ್ಟಣವಾಸಿಗಳಾಗಿದ್ದರು. 2020ರ ಜನಗಣತಿಯ ವೇಳೆಗೆ ಈ ಪ್ರಮಾಣ ಶೇ. 75ನ್ನು ಮುಟ್ಟಿತು.

ಮಲೇಷ್ಯಾದ ಬಾಲ್ಯಸ್ಮೃತಿಗಳಲ್ಲಿ ಎರಡು ಪದರಗಳಿವೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಆಟ, ಆಚರಣೆ, ಕೆಲಸ, ಉಪಕರಣಗಳ ವಿವರಗಳು ಮೊದಲನೆಯ ಪದರ. ಅವೆಲ್ಲವನ್ನೂ ಒಳಗೊಂಡ ‘ನಮ್ಮ ಹಳ್ಳಿ’ ಎಂಬ ಇಡಿಯಾದ ಚಿತ್ರ ಎರಡನೆಯದು. ಮೊದಲನೆಯದು ಹಳ್ಳಿಯಿಂದ ಬಂದದ್ದು. ಎರಡನೆಯದು ಬಹುಮಟ್ಟಿಗೆ ನಗರದಲ್ಲಿ ರೂಪುಗೊಂಡದ್ದು. ಇವನ್ನು ಬೇರ್ಪಡಿಸದೆ ಹೋದರೆ ಕೆಲವರ ಹಳ್ಳಿಯೇ ಎಲ್ಲರ ಹಳ್ಳಿಯಾಗಿ ದಾಖಲಾಗುವ ಅಪಾಯವಿದೆ.

ಪದ ಮತ್ತು ನೆಲೆ

ಮಲಯ್ ಭಾಷೆಯಲ್ಲಿ ಹಳ್ಳಿಗೆ ‘ಕಂಪುಂಗ್’ ಎಂದು ಹೆಸರು. ಮನೆಗಳ ಗುಂಪು, ಆವರಣ ಎಂಬ ಅರ್ಥಗಳೂ ಈ ಪದಕ್ಕಿವೆ. ನಾವು ನಿತ್ಯ ಬಳಸುವ ‘ಕಾಂಪೌಂಡು’ ಇಂಗ್ಲಿಷಿನ ಮೂಲಕ ಬಂದ ಇದೇ ಪದದ ರೂಪಾಂತರವೆಂಬುದು ಅನೇಕ ನಿಘಂಟುಕಾರರ ಅಭಿಪ್ರಾಯ. ಸಾಂಪ್ರದಾಯಿಕ ಕಂಪುಂಗಿನಲ್ಲಿ ಮರದ ಮನೆಗಳು ಕಂಬಗಳ ಮೇಲೆ ನಿಂತಿರುತ್ತವೆ. ಮನೆಯ ಕೆಳಗಿನ ತೆರೆದ ಜಾಗದಲ್ಲಿ ಸೌದೆಯನ್ನು ಒಟ್ಟುತ್ತಾರೆ, ಕೋಳಿಗಳು ಮಲಗುತ್ತವೆ, ಮಕ್ಕಳು ಆಡುತ್ತಾರೆ. ಮನೆಯ ಸುತ್ತ ತೆಂಗು, ಡುರಿಯನ್, ರಂಬುಟಾನ್ ಮರಗಳು. ಆಚೆಗೆ ಗದ್ದೆ ಅಥವಾ ರಬ್ಬರು ತೋಟ. ಊರಿಗೊಂದು ‘ಸುರಾವ್’ ಎಂಬ ಚಿಕ್ಕ ಪ್ರಾರ್ಥನಾಮಂದಿರ. ಮದುವೆ, ಮನೆಕಟ್ಟುವಿಕೆಯಂತಹ ಸಂದರ್ಭಗಳಲ್ಲಿ ಊರವರೆಲ್ಲ ಕೂಡಿ ದುಡಿಯುವ ಪದ್ಧತಿಯನ್ನು ‘ಗೋಟೋಂಗ್ ರೋಯೋಂಗ್’ ಎನ್ನುತ್ತಾರೆ. ನಮ್ಮ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ.

1957ರಲ್ಲಿ ಮಲಯಾ ಸ್ವತಂತ್ರವಾಯಿತು. 1963ರಲ್ಲಿ ಮಲೇಷ್ಯಾ ಒಕ್ಕೂಟ ರಚನೆಯಾಯಿತು. 1969ರ ಜನಾಂಗೀಯ ಗಲಭೆಗಳ ತರುವಾಯ 1971ರಲ್ಲಿ ಜಾರಿಗೆ ಬಂದ ಹೊಸ ಆರ್ಥಿಕ ನೀತಿಯು ಮಲಯ್ ಯುವಜನರನ್ನು ವಿದ್ಯಾಭ್ಯಾಸ, ಸರ್ಕಾರಿ ನೌಕರಿ ಹಾಗೂ ಕಾರ್ಖಾನೆಗಳತ್ತ ಸೆಳೆಯಿತು. ನಗರ ಸೇರಿದವರು ಈದ್ ಹಬ್ಬಕ್ಕೆ ತವರೂರಿಗೆ ಮರಳುವುದನ್ನು ‘ಬಾಲಿಕ್ ಕಂಪುಂಗ್’ ಎನ್ನುತ್ತಾರೆ. ವರ್ಷಕ್ಕೊಮ್ಮೆ ಮರಳುವ ಜಾಗವಾದಾಗಲೇ ಕಂಪುಂಗ್ ಎಂಬ ಪದಕ್ಕೆ ಇಂದಿನ ಭಾವಾರ್ಥ ಪೂರ್ಣವಾಗಿ ಪ್ರಾಪ್ತವಾಯಿತೆನ್ನಬಹುದು.

ಆಕರವಾಗಿ ‘ಕಂಪುಂಗ್ ಬಾಯ್’

ಈ ಭಾವಾರ್ಥಕ್ಕೆ ಅತ್ಯಂತ ಜನಪ್ರಿಯ ರೂಪ ಕೊಟ್ಟ ಕೃತಿ ವ್ಯಂಗ್ಯಚಿತ್ರಕಾರ ಲಾಟ್ ಅವರ ‘ದಿ ಕಂಪುಂಗ್ ಬಾಯ್’ (1979). ಮೊಹಮ್ಮದ್ ನೋರ್ ಖಾಲಿದ್ ಎಂಬುದು ಅವರ ಪೂರ್ಣ ಹೆಸರು. 1951ರಲ್ಲಿ ಪೇರಾಕ್ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದ ಅವರು ಮುಂದೆ ಕೌಲಾಲಂಪುರದಲ್ಲಿ ಪತ್ರಕರ್ತರಾದರು. ನಗರದಲ್ಲಿದ್ದುಕೊಂಡು ಇಂಗ್ಲಿಷಿನಲ್ಲಿ ಬರೆದು ಚಿತ್ರಿಸಿದ ಈ ಕೃತಿ ಮ್ಯಾಟ್ ಎಂಬ ಬಾಲಕನ ಹುಟ್ಟಿನಿಂದ ಆರಂಭಗೊಂಡು, ಆತ ಇಪೋ ನಗರದ ವಸತಿಶಾಲೆಗೆ ಹೊರಡುವಲ್ಲಿಗೆ ಮುಗಿಯುತ್ತದೆ.

ಆಚರಣೆಗಳ ದಾಖಲೆಯಾಗಿ ಈ ಕೃತಿಯ ಮೌಲ್ಯ ದೊಡ್ಡದು. ಸೂಲಗಿತ್ತಿಯ ಕೈಯಲ್ಲಾಗುವ ಹೆರಿಗೆ, ಶಿಶುವಿನ ಕೂದಲು ತೆಗೆಯುವ ವಿಧಿ, ಕುರಾನ್ ಪಾಠ, ಹತ್ತರ ವಯಸ್ಸಿನ ಸುನ್ನತಿ ಹೀಗೆ ಜೀವನಾವರ್ತನದ ಆಚರಣೆಗಳು ಒಂದರ ನಂತರ ಒಂದು ಬರುತ್ತವೆ. ಸುನ್ನತಿಯ ದಿನ ಹುಡುಗರನ್ನು ಮೆರವಣಿಗೆಯಲ್ಲಿ ಹೊಳೆಗೆ ಕರೆದೊಯ್ಯುವುದು, ಬಳಿಕ ಬಾಳೆದಿಂಡಿನ ಮೇಲೆ ಕೂರಿಸುವುದು ಮುಂತಾದ ವಿವರಗಳು ಮಗುವಿನ ಕಣ್ಣಿನ ಮಟ್ಟದಿಂದ ದಾಖಲಾಗಿವೆ. ಇವುಗಳಲ್ಲಿ ಕೆಲವು ಆಚರಣೆಗಳು ಕೃತಿ ಪ್ರಕಟವಾಗುವ ವೇಳೆಗಾಗಲೇ ಮಾರ್ಪಡುತ್ತಿದ್ದವು. 1966ರ ಸೂಲಗಿತ್ತಿಯರ ಕಾಯಿದೆಯು ಹೆರಿಗೆ ಮಾಡಿಸುವವರ ನೋಂದಣಿಯನ್ನು ವಿಧಿಸಿತ್ತು. ಸುನ್ನತಿಯೂ ಕ್ರಮೇಣ ಚಿಕಿತ್ಸಾಲಯಗಳಿಗೆ ಸ್ಥಳಾಂತರಗೊಂಡಿತು.

ಇಂತಹ ವಿವರಗಳನ್ನು ನಂಬಬಹುದಾದುದಕ್ಕೆ ಕಾರಣವಿದೆ. ಅವು ದೇಹದ ನೆನಪುಗಳು. ‘ಚೋಂಗ್‌ಕಾಕ್’ ಆಟವನ್ನು ಗಮನಿಸಬಹುದು. ನಮ್ಮ ಅಳಗುಳಿಮಣೆ ಅಥವಾ ಚೆನ್ನೆಮಣೆಯ ವರ್ಗಕ್ಕೇ ಸೇರಿದ ಈ ಆಟದಲ್ಲಿ ಗುಳಿಗಳಲ್ಲಿ ಬೀಜ ಬಿತ್ತುತ್ತ ಸಾಗುವ ಕ್ರಮವನ್ನು ಕೈ ಮರೆಯುವುದಿಲ್ಲ. ಎಷ್ಟೋ ವರ್ಷಗಳ ನಂತರ ಮಣೆಯನ್ನು ಮುಂದಿಟ್ಟರೂ ವಕ್ತೃವು ಆಡಿ ತೋರಿಸಬಲ್ಲರು. ಅಲ್ಲದೆ, ಒಬ್ಬರು ಹೇಳಿದ ಕ್ರಮವನ್ನು ನೆರೆಯೂರಿನ ಇನ್ನೊಬ್ಬರ ಹೇಳಿಕೆಯೊಡನೆ ಹೋಲಿಸಿ ಪರೀಕ್ಷಿಸುವುದಕ್ಕೂ ಅವಕಾಶವಿದೆ.

ಹೊರಡುವವನ ದೃಷ್ಟಿ

ಹಳ್ಳಿಯ ಇಡಿಯಾದ ಚಿತ್ರಕ್ಕೆ ಇಂತಹ ಪರೀಕ್ಷೆಯ ಅವಕಾಶ ಕಡಿಮೆ. ಮ್ಯಾಟ್‌ನ ಹಳ್ಳಿಯಿರುವುದು ತವರದ ಗಣಿಗಳ ಪ್ರದೇಶದಲ್ಲಿ. ನೀರಿನಲ್ಲಿ ತೇಲುತ್ತ, ಬಾನಿಗಳ ಸರಪಳಿಯಿಂದ ತಳದ ಮಣ್ಣನ್ನು ಮೊಗೆದು ಅದಿರು ಬೇರ್ಪಡಿಸುವ ದೈತ್ಯ ಡ್ರೆಜರ್ ಆ ಬಾಲ್ಯದ ನೆರೆಯಲ್ಲಿಯೇ ಇದೆ. ಗೆಳೆಯರೊಡನೆ ಸೇರಿ ಮ್ಯಾಟ್ ‘ಡುಲಾಂಗ್’ ಎಂಬ ಅಗಲವಾದ ತಟ್ಟೆಯಲ್ಲಿ ಮಣ್ಣನ್ನು ಜಾಲಿಸಿ ಅದಿರು ತೆಗೆಯಲು ಕಲಿಯುತ್ತಾನೆ, ಇದು ಕಾನೂನುಬಾಹಿರ. ಮೆಚ್ಚುಗೆಯ ನಿರೀಕ್ಷೆಯಲ್ಲಿ ಅದನ್ನು ಮನೆಗೆ ತಂದಾಗ, ಓದನ್ನು ಕಡೆಗಣಿಸಿದ್ದಕ್ಕಾಗಿ ತಂದೆಯಿಂದ ಶಿಕ್ಷೆ ದೊರೆಯುತ್ತದೆ.

ಕೃತಿಯ ಅಂತ್ಯಭಾಗ ಇನ್ನೂ ಮಹತ್ವದ್ದು. ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಯೊಂದಿಗೆ ಮ್ಯಾಟ್ ಓಡಿ ಬಂದಾಗ ತಂದೆ ತವರದ ಕಂಪನಿಯವರೊಡನೆ ಮಾತಿನಲ್ಲಿ ತೊಡಗಿರುತ್ತಾನೆ. ಜಮೀನಿನಲ್ಲಿ ಅದಿರು ಸಿಕ್ಕರೆ ಕಂಪನಿ ದೊಡ್ಡ ಮೊತ್ತ ಕೊಡಲಿದೆ. ಊರಿನ ಇತರರೂ ಅದೇ ಆಸೆಯಲ್ಲಿದ್ದಾರೆ. ಹಣ ಬಂದರೆ ಇಪೋದಲ್ಲಿ ಮನೆ ಕೊಳ್ಳುವ ಯೋಚನೆ ಅವರದು. ಹಳ್ಳಿ ಹೀಗೆಯೇ ಉಳಿಯಲಿ ಎಂದು ಬಯಸುವವನು ಅದನ್ನು ಬಿಟ್ಟು ಹೊರಟ ಬಾಲಕನೊಬ್ಬನೇ. ಉಳಿದು ದುಡಿಯಬೇಕಾದ ಹಿರಿಯರು ಮಾರಾಟಕ್ಕೆ ಸಿದ್ಧರಿದ್ದಾರೆ. ಹಳ್ಳಿಯ ಬಗೆಗಿನ ಹಂಬಲ ಹೊರಟವರ ಸೊತ್ತು ಎಂಬುದನ್ನು ಲಾಟ್ ಯಾವ ವ್ಯಾಖ್ಯಾನವೂ ಇಲ್ಲದೆ ತೋರಿಸಿದ್ದಾರೆ. ಕೃತಿಯನ್ನು ಕೇವಲ ಗತಕಾಲದ ಗುಣಗಾನವೆಂದು ಓದುವವರು ಈ ಭಾಗವನ್ನು ಲಕ್ಷಿಸುವುದಿಲ್ಲ.

ಮುಂದಿನ ಇತಿಹಾಸವೂ ಇದಕ್ಕೆ ಒತ್ತಾಸೆಯಾಗಿದೆ. 1985ರಲ್ಲಿ ಅಂತರರಾಷ್ಟ್ರೀಯ ತವರ ಮಾರುಕಟ್ಟೆ ಕುಸಿದು ಕಿಂತಾ ಕಣಿವೆಯ ಗಣಿಗಳು ಮುಚ್ಚತೊಡಗಿದವು. 1938ರಲ್ಲಿ ನಿರ್ಮಾಣಗೊಂಡ ತಂಜುಂಗ್ ಟುವಾಲಾಂಗಿನ ಡ್ರೆಜರ್ ಇಂದು ಪ್ರವಾಸಿಗರು ನೋಡುವ ಪಳೆಯುಳಿಕೆ. ಕಂಪುಂಗನ್ನು ನುಂಗಲು ಬಂದ ಯಂತ್ರವೇ ಈಗ ಸ್ಮೃತಿಯ ವಸ್ತುವಾಗಿದೆ. 1993ರ ‘ಕಂಪುಂಗ್ ಬಾಯ್: ಯೆಸ್ಟರ್‌ಡೇ ಅಂಡ್ ಟುಡೇ’ ಕೃತಿಯಲ್ಲಿ ಲಾಟ್ ತಮ್ಮ ಬಾಲ್ಯದ ಆಟಪಾಠಗಳನ್ನು ನಗರದ ಮಕ್ಕಳ ಬದುಕಿನ ಪಕ್ಕದಲ್ಲಿ ಇರಿಸಿದರು. ಅಲ್ಲಿಗೆ ಬಾಲ್ಯದ ನೆನಪು ವರ್ತಮಾನವನ್ನು ಅಳೆಯುವ ಕೋಲಾಯಿತು.

ಕಂಪುಂಗಿನ ಹೊರಗಿನ ಬಾಲ್ಯಗಳು

ಹೀಗೆ ರೂಪುಗೊಂಡ ಚಿತ್ರ ಯಾರದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಾನವಶಾಸ್ತ್ರಜ್ಞ ಜೋಯೆಲ್ ಕಾನ್ ‘ಅದರ್ ಮಲಯ್ಸ್’ (2006) ಎಂಬ ಗ್ರಂಥದಲ್ಲಿ, ನೆಲಕ್ಕೆ ಅಂಟಿಕೊಂಡ ಕಂಪುಂಗ್ ರೈತನೇ ನಿಜವಾದ ಮಲಯ್ ಎಂಬ ಕಲ್ಪನೆಯು ವ್ಯಾಪಾರಿಗಳು, ವಲಸಿಗರು ಮುಂತಾದ ಇತರ ಮಲಯರ ಚರಿತ್ರೆಯನ್ನು ಮರೆಮಾಡಿತೆಂದು ವಾದಿಸಿದ್ದಾರೆ. ಮಲಯೇತರರ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಲಾಟ್ ಹುಟ್ಟಿದ ಕಾಲದಲ್ಲಿಯೇ, ಕಮ್ಯುನಿಸ್ಟ್ ಬಂಡಾಯವನ್ನು ಹತ್ತಿಕ್ಕಲು ಬ್ರಿಟಿಷರು ಘೋಷಿಸಿದ್ದ ತುರ್ತುಪರಿಸ್ಥಿತಿಯ (1948–60) ಅಂಗವಾಗಿ, ಸುಮಾರು ಐದು ಲಕ್ಷ ಜನರನ್ನು ಕಾಡಂಚಿನಿಂದ ಎಬ್ಬಿಸಿ ಮುಳ್ಳುತಂತಿಯ ಬೇಲಿಯೊಳಗಿನ ಹೊಸ ವಸತಿಗಳಿಗೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಚೀನೀ ಮೂಲದವರು. ಈ ವಸತಿಗಳಿಗೂ ‘ಕಂಪುಂಗ್ ಬಾರು’, ಅಂದರೆ ಹೊಸ ಹಳ್ಳಿ ಎಂದೇ ಹೆಸರು. ಕಾವಲಿನ ಬಾಗಿಲು, ಸಂಚಾರ ನಿರ್ಬಂಧ, ಅಳತೆಯ ಅಕ್ಕಿ ಅಲ್ಲಿನ ಬಾಲ್ಯದ ಅನುಭವಗಳು.

ರಬ್ಬರು ತೋಟಗಳ ತಮಿಳು ಕಾರ್ಮಿಕರ ಮಕ್ಕಳ ಸ್ಥಿತಿ ಮತ್ತೊಂದು ಬಗೆಯದು. ಅವರು ಬೆಳೆದದ್ದು ಸಾಲುಮನೆಗಳಲ್ಲಿ. ಮಾರಿಯಮ್ಮನ ಗುಡಿ, ತಮಿಳು ಶಾಲೆ, ಹೆಂಡದಂಗಡಿ ಎಲ್ಲವೂ ತೋಟದೊಳಗೇ ಇದ್ದವು. ಆದರೆ ಮನೆ ಕೆಲಸಕ್ಕೆ ಅಂಟಿಕೊಂಡದ್ದು, ನೆಲ ಕಂಪನಿಯದು. ತೋಟ ಮಾರಾಟವಾದರೆ ಕೆಲಸದೊಡನೆ ಮನೆಯೂ ಹೋಗುತ್ತಿತ್ತು. ಇಂದಿನ ಆಡಳಿತ ರಾಜಧಾನಿ ಪುತ್ರಜಯ ನಿಂತಿರುವುದು ಪ್ರಾಂಗ್ ಬೆಸಾರ್ ಎಂಬ ಹಳೆಯ ರಬ್ಬರು ತೋಟದ ನೆಲದ ಮೇಲೆ. 1990ರ ದಶಕದ ಈ ನಿರ್ಮಾಣಕ್ಕಾಗಿ ಅಲ್ಲಿನ ಕಾರ್ಮಿಕ ಕುಟುಂಬಗಳು ಸ್ಥಳಾಂತರಗೊಂಡವು. ಅವರ ಮಕ್ಕಳು ಬಾಲ್ಯದ ಊರನ್ನು ನೆನೆಯಬಲ್ಲರು, ಹಬ್ಬಕ್ಕೆ ಮರಳಲಾರರು.

ತಮಿಳು ಮೂಲದ ಲೇಖಕ ಕೆ. ಎಸ್. ಮಣಿಯಂ (1942–2020) ಅವರ ‘ದಿ ರಿಟರ್ನ್’ (1981) ಕಾದಂಬರಿಯನ್ನು ಲಾಟ್ ಅವರ ಕೃತಿಯ ಜೊತೆಯಲ್ಲಿಟ್ಟು ನೋಡುವುದು ಉಚಿತ. ಭಾರತದಿಂದ ಬಂದ ಪೆರಿಯತಾಯಿ ಎಂಬ ಅಜ್ಜಿ ದುಡಿದು ಮನೆ ಕಟ್ಟಿಕೊಂಡರೂ ನೆಲದ ಹಕ್ಕುಪತ್ರ ಆಕೆಗೆ ದಕ್ಕುವುದಿಲ್ಲ. ಮೊಮ್ಮಗ ರವಿಯ ಬಾಲ್ಯಸ್ಮೃತಿಯ ಕೇಂದ್ರದಲ್ಲಿ ಈ ಕೊರತೆಯಿದೆ. ಎರಡು ವರ್ಷಗಳ ಅಂತರದಲ್ಲಿ ಪ್ರಕಟವಾದ ಈ ಎರಡು ಕೃತಿಗಳಲ್ಲಿ ಒಬ್ಬ ಬಾಲಕನ ತಂದೆಗೆ ಮಾರಲು ನೆಲವಿದೆ, ಇನ್ನೊಬ್ಬನ ಅಜ್ಜಿಗೆ ನಿಲ್ಲಲು ನೆಲವಿಲ್ಲ. ಹಳ್ಳಿಯ ನೆನಪು ಸಿಹಿಯಾಗುವುದಕ್ಕೂ ಕಹಿಯಾಗುವುದಕ್ಕೂ ಈ ವ್ಯತ್ಯಾಸ ಮುಖ್ಯ ಕಾರಣವೆಂದು ತೋರುತ್ತದೆ.

ಅಧ್ಯಯನದ ದೃಷ್ಟಿಯಿಂದ

ಮೇಲಿನ ವಿವೇಚನೆಯಿಂದ ಸಂಗ್ರಹಕಾರರಿಗೆ ಅನ್ವಯಿಸುವ ಕೆಲವು ಅಂಶಗಳು ಹೊರಡುತ್ತವೆ. ಒಂದು, ಬಾಲ್ಯಸ್ಮೃತಿಯನ್ನು ದಾಖಲಿಸುವಾಗ ವಕ್ತೃವು ಹಳ್ಳಿಯನ್ನು ಯಾವ ವಯಸ್ಸಿನಲ್ಲಿ, ಏಕೆ ತೊರೆದರು ಎಂಬುದು ಅವರ ಹೆಸರು, ಊರಿನಷ್ಟೇ ಅವಶ್ಯವಾದ ಮಾಹಿತಿ. ಎರಡು, ಕುಟುಂಬಕ್ಕೂ ನೆಲಕ್ಕೂ ಇದ್ದ ಸಂಬಂಧವನ್ನು ಕೇಳಿ ಬರೆದುಕೊಳ್ಳಬೇಕು. ಮೂರು, ಮಗುವಿಗೆ ಆಟವಾಗಿದ್ದುದು ಹಿರಿಯರಿಗೆ ದುಡಿಮೆಯಾಗಿದ್ದಿರಬಹುದು. ಆದ್ದರಿಂದ ನೀರು ಹೊತ್ತವರು, ರಬ್ಬರಿನ ಹಾಲು ಇಳಿಸಿದವರು, ಅದಿರು ಜಾಲಿಸಿದವರು ಯಾರೆಂಬುದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ನಾಲ್ಕು, ಆಟ ಆಚರಣೆಗಳ ವಿವರಗಳನ್ನೂ ‘ಅಂದು ಎಲ್ಲರೂ ಒಂದಾಗಿದ್ದೆವು’ ಎಂಬಂತಹ ಸಾಮಾನ್ಯ ಹೇಳಿಕೆಗಳನ್ನೂ ಒಂದೇ ತೂಕದ ಆಧಾರಗಳೆಂದು ಪರಿಗಣಿಸಬಾರದು.

ಅಂತಹ ಹೇಳಿಕೆಗಳನ್ನು ತಿರಸ್ಕರಿಸಬೇಕೆಂದು ಇದರ ಅರ್ಥವಲ್ಲ. ಬಹುಮಹಡಿ ಕಟ್ಟಡದಲ್ಲಿ ಕುಳಿತವರು ಬೇಲಿಯಿಲ್ಲದ ಅಂಗಳವನ್ನು ನೆನೆಯುವಾಗ ನಗರದ ಬದುಕಿನಲ್ಲಿ ತಮಗೆ ದೊರೆಯದ್ದನ್ನು ಕುರಿತು ಮಾತನಾಡುತ್ತಿರುತ್ತಾರೆ. ಆ ಮಾತು ವರ್ತಮಾನದ ಜಾನಪದ. ಅದನ್ನು ಆ ಹೆಸರಿನಲ್ಲಿಯೇ ಸಂಗ್ರಹಿಸಬೇಕು. 1950ರ ದಶಕದ ಕಂಪುಂಗ್, ಹೊಸ ಹಳ್ಳಿ, ತೋಟದ ಸಾಲುಮನೆಗಳಲ್ಲಿ ಮಕ್ಕಳಾಗಿದ್ದವರು ಇಂದು ಎಪ್ಪತ್ತರ ವಯಸ್ಸನ್ನು ದಾಟಿದ್ದಾರೆ. ಮೂರೂ ಬಗೆಯ ಬಾಲ್ಯಗಳ ಹೇಳಿಕೆಗಳು ಒಂದೇ ಸಂಗ್ರಹದಲ್ಲಿ ಅಕ್ಕಪಕ್ಕ ಸೇರಿದರೆ ಮಾತ್ರ ಮುಂದಿನ ಅಧ್ಯಯನಕಾರರಿಗೆ ಆ ದೇಶದ ಹಳ್ಳಿಯ ಬದುಕು ಸಮಗ್ರವಾಗಿ ಲಭಿಸೀತು.