ಮಾತಿನ ನಾಟಕ ಮೂಕಿ ಚಿತ್ರವಾದಾಗ



ರೇಡಿಯೋ ನಾಟಕದಲ್ಲಿ ದನಿಯುಂಟು, ಮುಖವಿಲ್ಲ. ಮೂಕಿ ಸಿನಿಮಾದ ಪಾಡು ಇದಕ್ಕೆ ತಿರುವು ಮುರುವು. ಹೀಗಿರುವಾಗ ಮಾತನ್ನೇ ಬಂಡವಾಳ ಮಾಡಿಕೊಂಡ ನಾಟಕವೊಂದನ್ನು ಮೂಕಿ ಚಿತ್ರ ಮಾಡಲು ಹೊರಟರೆ ಹೇಗೆ? 1925ರಲ್ಲಿ ಹಾಲಿವುಡ್‌ನಲ್ಲಿ ಅರ್ನ್‌ಸ್ಟ್ ಲುಬಿಚ್ ಆ ಸಾಹಸ ಮಾಡಿದರು.

ನಾಟಕ ಆಸ್ಕರ್ ವೈಲ್ಡ್ ಬರೆದ 'ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್'. ಲಂಡನ್ನಿನಲ್ಲಿ 1892ರಲ್ಲಿ ರಂಗಕ್ಕೆ ಬಂದದ್ದು. ಬಾಯಿ ತೆರೆದರೆ ಚಾಟೂಕ್ತಿ ಎನ್ನುವಂಥ ಪಾತ್ರಗಳು. ಬೇರೆ ಯಾರೇ ಆಗಿದ್ದರೂ ಆ ಮಾತುಗಳನ್ನು ನಡುನಡುವಿನ ಬರಹದ ಫಲಕಗಳಲ್ಲಿ ತುಂಬಿಬಿಡುತ್ತಿದ್ದರು. ಲುಬಿಚ್ ಅವನ್ನು ಪಕ್ಕಕ್ಕಿಟ್ಟು ಕಥೆಯನ್ನಷ್ಟೇ ಉಳಿಸಿಕೊಂಡರು. (ನಮ್ಮಲ್ಲೂ ಶೂದ್ರಕನ 'ಮೃಚ್ಛಕಟಿಕ' 1931ರಲ್ಲಿ 'ವಸಂತಸೇನಾ' ಎಂಬ ಮೂಕಿ ಚಿತ್ರವಾಯಿತು. ಮಾತಿಗೆ ಹೆಸರಾದ ಟಿ.ಪಿ. ಕೈಲಾಸಂ ಅದರಲ್ಲಿ ನಟಿಸಿದ್ದರು ಎಂಬುದು ತಮಾಷೆಯಲ್ಲವೇ!)

ಕಥೆ ಇಷ್ಟು. ಮಿಸೆಸ್ ಅರ್ಲಿನ್ ಎಂಬಾಕೆ ಎಳೆಯ ಮಗಳನ್ನೂ ಗಂಡನನ್ನೂ ಬಿಟ್ಟು ಹೋದವಳು. ತಾಯಿ ಸತ್ತಳೆಂದೇ ಮಗಳು ನಂಬಿದ್ದಾಳೆ. ವರ್ಷಗಳ ನಂತರ ಆಕೆ ಲಂಡನ್ನಿಗೆ ಬಂದು ಅಳಿಯನಿಂದ ಗುಟ್ಟಾಗಿ ಹಣ ಪಡೆಯುತ್ತಾಳೆ. ಮಗಳಾದ ಲೇಡಿ ವಿಂಡರ್‌ಮಿಯರ್‌ಗೆ ಗಂಡನ ಮೇಲೇ ಅನುಮಾನ.

ನಾಟಕದಲ್ಲಿ ಈ ತಾಯಿ-ಮಗಳ ಗುಟ್ಟು ತಡವಾಗಿ ಬಿಚ್ಚಿಕೊಳ್ಳುತ್ತದೆ. ಲುಬಿಚ್ ಅದನ್ನು ಆರಂಭದಲ್ಲೇ ನಮಗೆ ಹೇಳಿಬಿಡುತ್ತಾರೆ. ಇದೇ ಚಿತ್ರದ ಜೀವಾಳ ಎಂದು ನನಗನ್ನಿಸುತ್ತದೆ. ಗುಟ್ಟು ಗೊತ್ತಿರುವುದರಿಂದ ತಾಯಿಯ ಒಂದೊಂದು ನೋಟವೂ ನಮಗೆ ಅರ್ಥವಾಗುತ್ತದೆ. ಮಾತು ಬೇಕಾಗುವುದೇ ಇಲ್ಲ.

ಕುದುರೆ ರೇಸಿನ ದೃಶ್ಯ ನೋಡಿ. ಇದು ನಾಟಕದಲ್ಲಿಲ್ಲ. ಓಡುವ ಕುದುರೆಗಳನ್ನು ಬಿಟ್ಟು ದೊಡ್ಡಮನೆಯ ಹೆಂಗಸರ ದುರ್ಬೀನುಗಳೆಲ್ಲ ಅರ್ಲಿನ್‌ಳತ್ತ ತಿರುಗುತ್ತವೆ. ಒಬ್ಬಾಕೆಯಂತೂ ಅವಳ ತಲೆಯಲ್ಲಿ ನರೆಗೂದಲು ಹುಡುಕುತ್ತಾಳೆ! ಊರ ಬಾಯಿ ಎಂಥದ್ದೆಂದು ತಿಳಿಯಲು ಇಷ್ಟು ಸಾಕು. ಅವಳನ್ನು ಮೆಚ್ಚಿದ ಲಾರ್ಡ್ ಅಗಸ್ಟಸ್ ಅವಳ ಮನೆಯ ಕರೆಗಂಟೆ ಒತ್ತುವುದೂ ಹೀಗೆಯೇ. ಮೊದಮೊದಲು ಅಳುಕು, ಪರಿಚಯ ಬೆಳೆದಂತೆ ಸಲಿಗೆ. ಬೆರಳೊಂದೇ ಎಲ್ಲ ಹೇಳುತ್ತದೆ.

ಕೊನೆಗೆ ಮಗಳು ಸಿಟ್ಟಿನಲ್ಲಿ ಡಾರ್ಲಿಂಗ್ಟನ್ ಎಂಬ ಬೇರೊಬ್ಬನ ಮನೆಗೆ ಹೊರಟು ಹೋಗುತ್ತಾಳೆ, ಹಿಂದೆ ತಾಯಿ ಹೋದ ದಾರಿಯಲ್ಲೇ. ತಾಯಿ ಓಡಿಬಂದು ಅವಳನ್ನು ಒಪ್ಪಿಸುವಷ್ಟರಲ್ಲಿ ಗಂಡಸರ ಗುಂಪು ಒಳಗೆ ಬರುತ್ತದೆ, ಅದರಲ್ಲಿ ಗಂಡನೂ ಇದ್ದಾನೆ. ಇಬ್ಬರೂ ಅಡಗುತ್ತಾರೆ. ಆದರೆ ಗಂಡ ಹುಟ್ಟುಹಬ್ಬಕ್ಕೆ ಕೊಟ್ಟ ಬೀಸಣಿಗೆ ಹೊರಗೇ ಉಳಿದಿದೆ! ಅದು ಅವನ ಕಣ್ಣಿಗೆ ಬಿದ್ದಾಗ ತಾಯಿ ತಾನೇ ಎದುರಿಗೆ ಬಂದು, ಬೀಸಣಿಗೆ ತಂದವಳು ತಾನೇ ಎನ್ನುತ್ತಾಳೆ. ಆ ಗಲಿಬಿಲಿಯಲ್ಲಿ ಮಗಳು ಸದ್ದಿಲ್ಲದೆ ಜಾರಿಕೊಳ್ಳುತ್ತಾಳೆ. ಆಗಷ್ಟೇ ಸಂಪಾದಿಸಿದ್ದ ಮರ್ಯಾದೆ ತಾಯಿಯ ಕೈಬಿಟ್ಟು ಹೋಗುತ್ತದೆ.

ತಾಯಿಯ ಪಾತ್ರದಲ್ಲಿ ಐರೀನ್ ರಿಚ್, ಮಗಳಾಗಿ ಮೇ ಮೆಕವಾಯ್, ಡಾರ್ಲಿಂಗ್ಟನ್ ಆಗಿ ರೊನಾಲ್ಡ್ ಕೋಲ್ಮನ್. ಅಮೆರಿಕ 2002ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿಕೊಂಡಿತು. ಸಿಕ್ಕರೆ ತಪ್ಪದೆ ನೋಡಿ. ತನ್ನನ್ನು ಉಳಿಸಿದವಳು ಹೆತ್ತ ತಾಯಿಯೆಂದು ಮಗಳಿಗೆ ಕೊನೆಗೂ ಯಾರೂ ಹೇಳುವುದಿಲ್ಲ.